ಪೆನ್ಸಿಲ್ಲಿನಲ್ಲಿ ಬರೆದ ತವರು

ಹೊಂಬಾಳಮ್ಮನ ಅಂಗನವಾಡಿಯಲ್ಲಿ ಬಸುರಿಯರಿಗೆಂದು ಒಂದು ರಿಜಿಸ್ಟರು, ಆ ರಿಜಿಸ್ಟರಿಗೆಂದು ಒಂದು ಪೆನ್ಸಿಲ್ಲು ಇತ್ತು. ಆಗಿಹೋದದ್ದನ್ನು ಪೆನ್ನಿನಲ್ಲಿ ಬರೆಯಬೇಕು, ಆಗಲಿರುವುದನ್ನು ಪೆನ್ಸಿಲ್ಲಿನಲ್ಲಿ. ಇಲಾಖೆಯ ಯಾವ ಸುತ್ತೋಲೆಯೂ ಹೀಗೆ ಹೇಳಿರಲಿಲ್ಲ. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಅವರು ತಾವಾಗಿ ಕಂಡುಕೊಂಡ ಶಾಸ್ತ್ರ ಅದು.

ನಿಟ್ಟೂರಿನಿಂದ ಮೂರು ಮೈಲಿ ಒಳಗಿದ್ದ ಮಾವಿನಕೆರೆಹಟ್ಟಿಯಲ್ಲಿ ಚೊಚ್ಚಲ ಬಸುರಿ ಗಂಡನ ಮನೆಯಲ್ಲಿ ಹೆತ್ತದ್ದನ್ನು ಯಾರೂ ಕಂಡಿರಲಿಲ್ಲ. ಏಳು ತುಂಬಿದರೆ ಸೀಮಂತ; ಸೀಮಂತದ ಬಳೆ ಇನ್ನೂ ಕೈಗೆ ಹೊಂದಿಕೊಳ್ಳುವ ಮೊದಲೇ ಅಣ್ಣನೋ ಅಪ್ಪನೋ ಬಂದು ಕರೆದುಕೊಂಡು ಹೋಗುತ್ತಿದ್ದರು. ಹಾಗಾಗಿ ಹೊಂಬಾಳಮ್ಮ ಪ್ರತಿ ತಿಂಗಳ ಕೊನೆಗೆ ಏಳು ತುಂಬಿದವರ ಹೆಸರಿನ ಮುಂದೆ ಮುಂಚಿತವಾಗಿಯೇ ‘ತವರಿಗೆ’ ಎಂದು ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದರು. ಹುಡುಗಿ ನಿಜವಾಗಿ ಬಸ್ಸು ಹತ್ತಿದ ದಿನ ಅದರ ಮೇಲೆ ಪೆನ್ನು ಆಡಿಸಿದರೆ ಮುಗಿಯಿತು. ಬೀಗರ ನಡುವೆ ಮುನಿಸಾಗಿಯೋ ಶೂನ್ಯಮಾಸ ಅಡ್ಡ ಬಂದೋ ಹೊರಡುವುದು ತಡವಾದರೆ ರಬ್ಬರು ಇದ್ದೇ ಇತ್ತು.

ಆಮೇಲೆ ಇಲಾಖೆಯವರು ಫೋನು ಕೊಟ್ಟರು. ಅದರಲ್ಲಿ ಮಕ್ಕಳ ತೂಕ, ತಾಯಂದಿರ ಮುಖ, ಮೊಟ್ಟೆಯ ಲೆಕ್ಕ ಎಲ್ಲ ಇತ್ತು. ಪೆನ್ಸಿಲ್ಲು ಮಾತ್ರ ಇರಲಿಲ್ಲ.

ಆ ತಿಂಗಳು ಏಳು ತುಂಬಿದವರು ಮೂವರು: ಮಾನಸಾ, ತೇಜಸ್ವಿನಿ, ಸುಕಾಂತಿ. ಮಾರನೆಯ ದಿನ ಗುಬ್ಬಿಯಲ್ಲಿ ಮೀಟಿಂಗು, ಅಷ್ಟರಲ್ಲಿ ತಿಂಗಳ ಲೆಕ್ಕ ಮುಗಿದಿರಬೇಕು. ಹೊಂಬಾಳಮ್ಮ ಹಿಂದಿನ ಸಂಜೆಯೇ ರಿಜಿಸ್ಟರಿನಲ್ಲಿ ಮೂರು ಸಲ ‘ತವರಿಗೆ’ ಎಂದು ಪೆನ್ಸಿಲ್ಲಿನಲ್ಲಿ ಬರೆದು, ಫೋನಿನಲ್ಲಿ ಮೂರು ಸಲ ‘ಸ್ಥಳಾಂತರ’ ಎಂದು ಒತ್ತಿ, ಕನ್ನಡಕ ತೆಗೆದಿಟ್ಟರು.

ಸುಕಾಂತಿಯನ್ನು ಕೇಳಲಿಲ್ಲ. ಕೇಳುವುದುಂಟೇ? ಏಳು ತುಂಬಿದವಳನ್ನು ‘ತವರಿಗೆ ಹೋಗ್ತೀಯಾ’ ಎಂದು ಕೇಳಿದರೆ ‘ನಿನಗೆ ತವರು ಇದೆಯಾ’ ಎಂದು ಕೇಳಿದ ಹಾಗೆ. ಆ ಸೀಮೆಯಲ್ಲಿ ಅದು ವಿಚಾರಣೆಯಲ್ಲ, ಬೈಗುಳ. ಹೊಂಬಾಳಮ್ಮ ಮರ್ಯಾದಸ್ಥರು.

ಸುಕಾಂತಿ ಒಡಿಶಾದವಳು. ಶಿವಮೂರ್ತಿಯ ತೆಂಗಿನ ನಾರಿನ ಫ್ಯಾಕ್ಟರಿಗೆ ಗಂಡ ದಿಬಾಕರನ ಜೊತೆ ಬಂದು ಎಂಟು ತಿಂಗಳಾಗಿತ್ತು. ಫ್ಯಾಕ್ಟರಿಯ ಹಿಂದೆ ಶೀಟು ಹೊದಿಸಿದ ಸಾಲುಕೋಣೆಗಳಲ್ಲಿ ಕೊನೆಯದು ಅವರದು. ಮೊದಲು ಆಕೆ ಮೂರು ದಿನ ಅಂಗನವಾಡಿಯ ಬೇಲಿಯಾಚೆ ಬಂದು ನಿಂತು, ಒಳಗೆ ಬಸುರಿಯರು ಉಣ್ಣುವುದನ್ನು ನೋಡಿ ಹೋಗಿದ್ದಳು. ಸೌದೆ ಕೇಳಲು ಬಂದವಳಿರಬೇಕು ಎಂದು ಸಹಾಯಕಿ ದೊಡ್ಡಗಂಗಮ್ಮ ಎಣಿಸಿದ್ದರು. ನಾಲ್ಕನೆಯ ದಿನ ಹೊಟ್ಟೆ ಕಂಡಿತು. ‘ಅಯ್ಯೋ ಅಮ್ಮಣ್ಣಿ, ಒಳೀಕ್ ಬಾ, ಇದು ನಿಂಗೂ ಐತೆ ಕಣೇ’ ಎಂದು ಕೈಹಿಡಿದು ಕೂರಿಸಿದ್ದರು.

ಇದೆ ಎನ್ನುವುದು ಸುಲಭ, ಇದೆ ಎಂದು ಬರೆಸುವುದು ಕಷ್ಟ. ಆಧಾರ್ ಕಾರ್ಡು ಒಡಿಶಾದ್ದು. ಅದಕ್ಕೆ ಜೋಡಿಸಿದ್ದ ನಂಬರು ಅವರನ್ನು ಕರೆತಂದ ಮೇಸ್ತ್ರಿಯದು. ಆ ಮೇಸ್ತ್ರಿ ಆಗಲೇ ಇನ್ನೊಂದು ತಂಡವನ್ನು ಕರೆದುಕೊಂಡು ಇನ್ನೆಲ್ಲಿಗೋ ಹೋಗಿದ್ದ. ಒಟಿಪಿಗಾಗಿ ಅವನನ್ನು ಹುಡುಕಲು ಹೊಂಬಾಳಮ್ಮನಿಗೆ ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಬೆಳಕಿಗೆ ನಿಲ್ಲಿಸಿ ಮುಖದ ಫೋಟೋ ತೆಗೆದು ಹೆಸರು ಹತ್ತಿಸಿದಾಗ ಸುಕಾಂತಿ ಫೋನಿನೊಳಗಿನ ತನ್ನ ಮುಖವನ್ನು ಬಹಳ ಹೊತ್ತು ನೋಡಿದ್ದಳು.

ಆಕೆಯ ಕನ್ನಡ ನಾರಿನ ಫ್ಯಾಕ್ಟರಿಯ ಹೆಂಗಸರಿಂದ ಕಲಿತದ್ದು. ಮೆಷಿನ್ನಿನ ಸದ್ದಿನಲ್ಲಿ ಕೂಗಿ ಆಡುವ ಕನ್ನಡ. ಅದರಲ್ಲಿ ಬಹುವಚನಕ್ಕೆ ಜಾಗವಿರಲಿಲ್ಲ. ದಿನಾ ಮಧ್ಯಾಹ್ನ ಬಾಗಿಲಲ್ಲಿ ನಿಂತು, ‘ಏನ್ಲೇ ಮಿಸ್ಸು, ಊಟ ಆಯ್ತಾ?’ ಎಂದು ಮೃದುವಾಗಿ ಕೇಳುತ್ತಿದ್ದಳು. ಉಳಿದ ಬಸುರಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೊಂಬಾಳಮ್ಮ ತಿದ್ದಲಿಲ್ಲ. ಬಹುವಚನದಲ್ಲಿ ಬಹಳ ಮಂದಿಯಿಂದ ಬೈಸಿಕೊಂಡಿದ್ದ ಅವರಿಗೆ ಈ ಏಕವಚನ ಹಿತವಾಗಿತ್ತು.

ಮೀಟಿಂಗು ಮುಗಿದ ಮೇಲಿನ ಸೋಮವಾರ ಮಾನಸಾ ಬರಲಿಲ್ಲ, ತೇಜಸ್ವಿನಿ ಬರಲಿಲ್ಲ. ಸುಕಾಂತಿ ಬಂದಳು, ಎಂದಿನ ಸ್ಟೀಲು ತಟ್ಟೆ ಹಿಡಿದು.

ಹೊಂಬಾಳಮ್ಮ ಫೋನನ್ನು ಆಕೆಯ ಮುಖಕ್ಕೆ ಹಿಡಿದರು. ಫೋನು ಸ್ವಲ್ಪ ಯೋಚಿಸಿ, ‘ಫಲಾನುಭವಿ ಈ ಕೇಂದ್ರದಲ್ಲಿಲ್ಲ’ ಎಂದಿತು. ಮತ್ತೆ ಹಿಡಿದರು. ಮತ್ತೆ ಇಲ್ಲವೆಂದಿತು. ಹೊಸದಾಗಿ ಸೇರಿಸಲು ಹೋದರೆ, ‘ಈ ಆಧಾರ್ ಈಗಾಗಲೇ ನೋಂದಣಿಯಾಗಿದೆ’ ಎಂದಿತು. ಇಲ್ಲ ಎನ್ನುವುದೂ ಇದ್ದಾಳೆ ಎನ್ನುವುದೂ ಒಂದೇ ಬಾಯಿ.

ದೊಡ್ಡಗಂಗಮ್ಮ ಸಾರಿನ ಸೌಟು ಹಿಡಿದೇ ಬಗ್ಗಿ ನೋಡಿದರು. ‘ಅಲ್ಲ ಮಿಸ್ಸೇ, ಇಷ್ಟ್ ದಪ್ಪ ಹೊಟ್ಟೆ ಹೊತ್ಕಂಡು ಎದುರ್ಗೇ ನಿಂತವ್ಳೆ, ಇಲ್ಲ ಅಂತೈತಲ್ಲ? ಪೊರೆ ಬಂದೈತಾ ಅದ್ರ ಕಣ್ಗೆ?’

‘ನಾನೇ ತವರಿಗೆ ಹಾಕ್ಬಿಟ್ಟಿದೀನಿ ದೊಡ್ಡಗಂಗಮ್ಮ.’

‘ಹಾಕುದ್ರೆ ತಗಿ.’

‘ತೆಗೆಯೋಕೆ ಬರಲ್ಲ.’

‘ಇದ್ಯಾವ್ ಸೀಮೆ ಪುಸ್ತ್ಕವೋ, ಅಳ್ಸಕ್ಕೂ ಆಗ್ದಂಗೆ’ ಎನ್ನುತ್ತ ದೊಡ್ಡಗಂಗಮ್ಮ ಸುಕಾಂತಿಯ ತಟ್ಟೆಗೆ ಅನ್ನ ಬಡಿಸಿ, ತಮ್ಮ ಪಾಲಿಗೆ ಮನೆಯಿಂದ ತಂದಿದ್ದ ಮುದ್ದೆಯಲ್ಲಿ ಅರ್ಧ ಮುರಿದಿಟ್ಟರು. ಮೊಟ್ಟೆ ಇಡಲಿಲ್ಲ, ಮೊಟ್ಟೆ ಹೆಸರಿದ್ದವರಿಗೆ. ಸುಕಾಂತಿ ತಟ್ಟೆ ನೋಡಿದಳು, ಫೋನು ನೋಡಿದಳು. ಉಂಡು ತಟ್ಟೆ ತೊಳೆದುಕೊಂಡು ಹೋದಳು. ‘ಏನ್ಲೇ ಮಿಸ್ಸು’ ಎನ್ನುವುದನ್ನು ಆವತ್ತು ಮರೆತಿದ್ದಳು.

ಗುರುವಾರ ನರ್ಸ್ ಪಲ್ಲವಿ ಚುಚ್ಚುಮದ್ದಿನ ಪೆಟ್ಟಿಗೆ ಹಿಡಿದು ಸ್ಕೂಟರಿನಲ್ಲಿ ಬಂದಳು. ಸುಕಾಂತಿಯ ಬೆರಳು ಚುಚ್ಚಿ, ರಕ್ತದ ಹನಿ ನೋಡಿ, ಮತ್ತೊಂದು ಬೆರಳು ಚುಚ್ಚಿದಳು.

‘ರಕ್ತ ಆರು ಮುಕ್ಕಾಲೇ ಇರೋದು ಅಕ್ಕ. ಹೋದ್ ತಿಂಗ್ಳು ಏಳೂವರೆ ಇತ್ತು. ಏನ್ ತಿಂತಿದಾಳೆ ಇವ್ಳು?’

ಪಲ್ಲವಿ ಅದನ್ನು ಕಾರ್ಡಿನಲ್ಲಿ ಬರೆದುಕೊಂಡಳು.

‘ರಕ್ತ ಕಮ್ಮಿ ಇರೋರ್ನ ಮಂಗಳವಾರ ವ್ಯಾನಲ್ಲಿ ಗುಬ್ಬಿಗೆ ಕರ್ಕೊಂಡೋಗಿ ಐರನ್ ಬಾಟ್ಲಿ ಹಾಕಿಸ್ತೀವಲ್ಲ, ಇವ್ಳ ಹೆಸ್ರು ಈ ಸಲದ ಲಿಸ್ಟಲ್ಲಿಲ್ಲ. ನಿಮ್ ಕಡೆಯಿಂದ ಊರು ಬಿಟ್ಟವ್ಳೆ ಅಂತ ಬಂದಿದೆಯಂತೆ.’

‘ಬಸ್ಸಲ್ಲಿ ನಾನೇ ಕರ್ಕೊಂಡ್ ಹೋದ್ರೆ?’

‘ಹೋಗಿ, ಆಸ್ಪತ್ರೇಲಿ ಬೇಡ ಅನ್ನಲ್ಲ. ಆದ್ರೆ ಐದು ಬಾಟ್ಲಿ ಅಕ್ಕ, ಐದು ಸಲ. ಅದೂ ಬುಡಿ. ಲಿಸ್ಟಲ್ಲಿ ಇರೋಳ್ಗೆ ದಿನಾ ಫೋನ್ ಹೋಗುತ್ತೆ, ನೋವು ಅಂದ ತಕ್ಷಣ ತುಮಕೂರಲ್ಲಿ ಬೆಡ್ಡು, ರಕ್ತ ರೆಡಿ ಮಾಡ್ಕೋತಾರೆ. ಲಿಸ್ಟಲ್ಲಿ ಇಲ್ದಿರೋಳು ಆ ಶೀಟ್ ಮನೇಲಿ ನೋವು ತಿಂತಾ ಕೂತ್ರೆ ಯಾರಿಗ್ ಗೊತ್ತಾಗುತ್ತೆ? ಈ ರಕ್ತದಲ್ಲಿ ಹೆತ್ರೆ ತಾಯಿ ಉಳಿಯೋದು...’ ಪಲ್ಲವಿ ಪೆಟ್ಟಿಗೆಯ ಮುಚ್ಚಳ ಹಾಕಿದಳು.

ಶುಕ್ರವಾರ ಹೊಂಬಾಳಮ್ಮ ಗುಬ್ಬಿಗೆ ಹೋದರು. ಮೇಲ್ವಿಚಾರಕಿ ಕಾವ್ಯ ಇಪ್ಪತ್ತೆಂಟರ ಹುಡುಗಿ, ಪರೀಕ್ಷೆ ಬರೆದು ಬಂದವಳು. ಹೊಂಬಾಳಮ್ಮನಿಗೆ ಎದ್ದು ಕುರ್ಚಿ ಕೊಟ್ಟಳು. ತಾಲೂಕಿನ ಉತ್ತಮ ಕಾರ್ಯಕರ್ತೆ ಎಂಬ ಫಲಕ ಇಸಿದುಕೊಂಡವರಿಗೆ ಯಾರಾದರೂ ಏಳುತ್ತಾರೆ.

‘ಅವ್ರು ಹೋದ ಊರಿನ ಅಂಗನವಾಡಿಯೋರು ಸ್ವೀಕಾರ ಅಂತ ಒತ್ತಬೇಕು ಮೇಡಂ. ಎಲ್ಲಿಗ್ ಹೋಗಿದಾರೆ?’ ಎಂದಳು ಕಾವ್ಯ.

‘ಎಲ್ಲಿಗೂ ಹೋಗಿಲ್ಲ. ದಿನಾ ನಮ್ ಸೆಂಟರ್‌ಗೇ ಬರ್ತಾವ್ಳೆ.’

‘ಮತ್ತೆ, ಹೋಗ್ತೀನಿ ಅಂದಿದ್ರಾ?’

ಹೊಂಬಾಳಮ್ಮ ಕೈಚೀಲದ ಹಿಡಿಯನ್ನು ತಿರುವಿದರು. ಕಾವ್ಯ ಬುದ್ಧಿವಂತೆ, ಅರ್ಥ ಮಾಡಿಕೊಂಡು ದನಿ ತಗ್ಗಿಸಿದಳು.

‘ಎರಡು ದಾರಿ ಇದೆ. ಒಂದು, ತಪ್ಪು ದಾಖಲೆ ಹಾಕಿದೀನಿ ಅಂತ ನೀವು ಬರೆದುಕೊಡೋದು. ತುಮಕೂರಿಂದ ವಾಪಸ್ ತೆಗೆಸ್ತೀನಿ, ಎರಡು ಮೂರು ದಿನ. ಆದ್ರೆ ಆ ಕಾಗದ ನಿಮ್ಮ ಸರ್ವೀಸ್ ಫೈಲಿಗೆ ಹೋಗುತ್ತೆ, ನೋಟಿಸ್ ಬರುತ್ತೆ, ಹಳೇ ರಿಜಿಸ್ಟರ್ ಎಲ್ಲಾ ತೆಗೆದು ನೋಡ್ತಾರೆ.’ ಮೇಜಿನ ಮೇಲಿನ ಫೈಲು ಸರಿಸಿ, ‘ನಿಮಗೆ ರಿಟೈರ್ ಆಗೋಕೆ ಇನ್ನು ಒಂದೂವರೆ ವರ್ಷ ತಾನೆ?’ ಎಂದಳು.

‘ಇನ್ನೊಂದು?’

‘ನಿಮಗೆ ಗೊತ್ತಿರೋ ಬೇರೆ ಅಂಗನವಾಡಿಯೋರು ಯಾರಾದ್ರೂ ಇವರನ್ನ ಸ್ವೀಕಾರ ಮಾಡ್ಕೊಂಡು, ತಿಂಗಳ ಕೊನೆಗೆ ನಿಮಗೇ ವಾಪಸ್ ಕಳಿಸಲಿ. ಯಾರ ಕಣ್ಣಿಗೂ ಬೀಳಲ್ಲ.’

ಹೊಂಬಾಳಮ್ಮನ ತವರು ಕುಣಿಗಲ್ ತಾಲೂಕಿನಲ್ಲಿ. ಅಲ್ಲಿಯ ಅಂಗನವಾಡಿಯನ್ನು ನಡೆಸುತ್ತಿದ್ದವರು ಅವರ ಅಣ್ಣನ ಹೆಂಡತಿ ನರಸಿಂಹಮ್ಮ. ದೇವರು ಒಂದೊಂದು ಸಲ ಇಷ್ಟು ಸಲೀಸಾಗಿ ದಾರಿ ಮಾಡಿಕೊಡುವುದನ್ನು ಕಂಡರೆ ಅನುಮಾನ ಬರಬೇಕು. ಹೊಂಬಾಳಮ್ಮನಿಗೆ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಫೋನು ಮಾಡಿದರು.

ವಿಷಯ ಕೇಳಿ ಅತ್ತ ನರಸಿಂಹಮ್ಮ ನಕ್ಕಿದ್ದು ಬಸ್ಸಿನ ಹಾರನ್ನನ್ನೂ ಮೀರಿ ಕೇಳಿಸಿತು. ‘ಏನೇ ಹೊಂಬಾಳು, ಈ ವಯಸ್ನಾಗೆ ಮಗಳನ್ನ ಬಾಣಂತನಕ್ಕೆ ಕಳಿಸ್ತಿದೀಯಲ್ಲೇ? ನಿಮ್ಮಣ್ಣನ್ಗೆ ಹೇಳ್ಲಾ, ಕರ್ಕೊಂಬರಕ್ಕೆ ಗಾಡಿ ಕಟ್ಟು ಅಂತ?’

‘ತಮಾಷೆ ಬೇಡ ಅತ್ತಿಗೆ. ಹೆಸರೊಂದು ಬಂದು ಹೋಗ್ಲಿ ಅಷ್ಟೆ.’

‘ಬರ್ಲಿ ಬುಡು. ಅವ್ಳ ಕೈಲಿ ಒಂದು ಕಾಗದ ಬರ್ಸಿ ಕಳ್ಸು, ಇದು ನನ್ ತವರು ಅಂತ. ನಾಳೆ ಯಾರಾದ್ರೂ ಕೇಳುದ್ರೆ ನಾನೇನ್ ತೋರಿಸ್ಲಿ?’

ತಿಂಗಳ ಕೊನೆಗೆ ಇನ್ನೂ ಇಪ್ಪತ್ತು ದಿನವಿತ್ತು. ಸುಕಾಂತಿಗೆ ಎಂಟು ನಡೆಯುತ್ತಿತ್ತು. ಬಸ್ಸಿನಲ್ಲಿ ಹೊಂಬಾಳಮ್ಮ ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡದಿರಲು ಕಿಟಕಿಯಾಚೆ ತೆಂಗಿನ ಮರಗಳನ್ನೇ ನೋಡುತ್ತ ಬಂದರು. ಇಪ್ಪತ್ತು ದಿನ ತನ್ನ ಮನೆಯಿಂದಲೇ ಮೊಟ್ಟೆ ತಂದುಕೊಟ್ಟರಾಯಿತು, ಮಂಗಳವಾರ ಬಸ್ಸಿನಲ್ಲಿ ಕರೆದೊಯ್ದರಾಯಿತು ಎಂದು ತಮಗೆ ತಾವೇ ಹೇಳಿಕೊಂಡರು. ಹೇಳಿದವರೂ ಕೇಳಿದವರೂ ಒಬ್ಬರೇ ಆದರೆ ಎಂಥ ಮಾತೂ ಒಪ್ಪಿಗೆಯಾಗುತ್ತದೆ.

ಶನಿವಾರ ಸುಕಾಂತಿ ಊಟಕ್ಕೆ ಬರಲಿಲ್ಲ. ಮಕ್ಕಳನ್ನು ಕಳಿಸಿ ಹೊಂಬಾಳಮ್ಮ ಬಿಳಿ ಹಾಳೆ ಹಿಡಿದು ದೊಡ್ಡಗಂಗಮ್ಮನ ಜೊತೆ ಫ್ಯಾಕ್ಟರಿಯ ಹಿಂದಕ್ಕೆ ನಡೆದರು. ನಾರಿನ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು. ಕೊನೆಯ ಕೋಣೆಯ ಬಾಗಿಲಲ್ಲಿ ಎರಡು ಪ್ಲಾಸ್ಟಿಕ್ ಚೀಲ, ಹಗ್ಗ ಕಟ್ಟಿದ ಒಂದು ಬಕೆಟ್ಟು. ಬಕೆಟ್ಟಿನೊಳಗೆ ಪಾತ್ರೆ, ಪಾತ್ರೆಯೊಳಗೆ ಆ ಸ್ಟೀಲು ತಟ್ಟೆ.

ಸುಕಾಂತಿ ಹೊಸ್ತಿಲಲ್ಲಿ ಕುಳಿತಿದ್ದಳು. ಕಣ್ಣಿನ ಕೆಳಗಿನ ಚರ್ಮ ಬಿಳಿಚಿಕೊಂಡಿತ್ತು.

‘ಇದೇನೇ ಅಮ್ಮಣ್ಣಿ, ಗಂಟುಮೂಟೆ?’ ಎಂದರು ದೊಡ್ಡಗಂಗಮ್ಮ.

‘ಹೋಗ್ತೀವಿ. ದಿಬಾಕರ ಟೇಸನ್‌ಗೆ ಹೋಗವ್ನೆ, ಟಿಕೆಟ್ ಕೇಳಕ್ಕೆ.’

‘ಎಲ್ಲಿಗೆ?’ ಹೊಂಬಾಳಮ್ಮ ಕೇಳಿದರು. ಇಷ್ಟು ದಿನ ಕೇಳದಿದ್ದ ಪ್ರಶ್ನೆ ಅದು. ಬಾಯಿಂದ ಬಂದ ಮೇಲೆ ಅವರಿಗೇ ತಿಳಿಯಿತು.

ಸುಕಾಂತಿ ಭುಜ ಹಾರಿಸಿದಳು. ‘ಊರ್‌ಗೆ.’

‘ಊರಲ್ಲಿ ಯಾರಿದಾರೆ? ಅಮ್ಮ?’

‘ಅಮ್ಮ ಇಲ್ಲ. ನಾನು ಸಣ್ಣೋಳು ಇದ್ದಾಗ ಹೋದ್ಳು.’ ಅವಳು ಪದಗಳಿಗಾಗಿ ಸ್ವಲ್ಪ ಹುಡುಕಿದಳು. ‘ಆಮೇಲೆ ಹೊಳೆ ಬಂತು, ಮನೆ ತಗೊಂಡೋಯ್ತು. ಅಣ್ಣ ಕೇರಳ. ಮನೆ ಇಲ್ಲ. ಊರು ಐತೆ, ಮನೆ ಇಲ್ಲ.’

‘ಮತ್ತೆ ಯಾಕಮ್ಮ ಹೋಗ್ತೀಯಾ ಈ ಸ್ಥಿತಿಯಲ್ಲಿ? ಎರಡು ದಿನ ರೈಲು...’

ಸುಕಾಂತಿ ಅವರ ಮುಖವನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹೊಂಬಾಳಮ್ಮನಿಗೆ ಸುಲಭವಾಗುತ್ತಿತ್ತು.

‘ನೀನೇ ಅಂದ್ಯಲ್ಲೇ ಮಿಸ್ಸು, ಹೋಗು ಅಂತ. ಮಾನಸಾ ಹೋದ್ಳು, ತೇಜಸ್ವಿನಿ ಹೋದ್ಳು. ಎಂಟು ತಿಂಗ್ಳಿಗೆ ಎಲ್ಲಾರೂ ಊರು ಬಿಡ್ಬೇಕು ಇಲ್ಲಿ. ನನ್ ಹೆಸ್ರು ತಗದ್ಯಲ್ಲ. ಮೊಟ್ಟೆ ಇಲ್ಲ, ಫೋನಲ್ಲಿ ಮುಖ ಇಲ್ಲ. ರೂಲ್ಸು. ನಂಗೆ ಅರ್ಥ ಆಯ್ತು.’

ದೊಡ್ಡಗಂಗಮ್ಮ ಬಾಯಿಗೆ ಸೆರಗು ಹಿಡಿದರು. ಹೊಂಬಾಳಮ್ಮ ಕೈಯಲ್ಲಿದ್ದ ಬಿಳಿ ಹಾಳೆಯನ್ನು ನಾಲ್ಕಾಗಿ ಮಡಚಿದರು. ‘ಇದು ನನ್ನ ತವರು’ ಎಂದು ಬರೆಸಲು ತಂದ ಹಾಳೆ.

‘ರೂಲ್ಸು ಅಲ್ಲ ಕಣಮ್ಮ’ ಎಂದರು. ‘ನನ್ನ ತಪ್ಪು.’

ಆ ಎರಡು ಪದ ಸುಕಾಂತಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಫ್ಯಾಕ್ಟರಿಯಲ್ಲಿ ‘ನಿನ್ನ ತಪ್ಪು’ ಮಾತ್ರ ಕಲಿತಿದ್ದಿರಬೇಕು.

ದೊಡ್ಡಗಂಗಮ್ಮ ಮುಂದೆ ಬಂದು ಬಕೆಟ್ಟಿನ ಹಗ್ಗ ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು, ಹಲ್ಲಿನಲ್ಲಿ ಕಚ್ಚಿ ಎಳೆದರು. ‘ನಿನ್ ಗಂಡ ಬರ್ಲಿ ಇರು, ಟಿಕೇಟಂತೆ ಟಿಕೇಟು. ಈ ಹೊಟ್ಟೆ ಹೊತ್ಕಂಡು ರೈಲಲ್ಲಿ ಹೆರ್ತಿಯೇನ್ಲೇ? ತಟ್ಟೆ ಹೊರೀಕ್ ತಗಿ.’

ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೇ ಹೊಂಬಾಳಮ್ಮ ಗುಬ್ಬಿಯಲ್ಲಿದ್ದರು. ಕಾವ್ಯ ಬಂದು ಬೀಗ ತೆಗೆಯುವವರೆಗೂ ಮೆಟ್ಟಿಲ ಮೇಲೆ ಕುಳಿತಿದ್ದರು. ಕಾಗದವನ್ನು ಪೆನ್ನಿನಲ್ಲಿ ಬರೆದಿದ್ದರು:

‘ಸದರಿ ಗರ್ಭಿಣಿ ಸುಕಾಂತಿಯವರು ಹೆರಿಗೆಗೆ ತವರಿಗೆ ಹೋಗುವರೆಂದು ನಾನೇ ಊಹಿಸಿಕೊಂಡು ಸ್ಥಳಾಂತರ ಎಂದು ದಾಖಲಿಸಿರುತ್ತೇನೆ. ಅವರನ್ನು ಕೇಳಲಿಲ್ಲ. ಅವರಿಗೆ ತವರು ಇರುವುದಿಲ್ಲ. ಅವರು ಊರಿನಲ್ಲಿಯೇ ಇದ್ದಾರೆ.’

ಕಾವ್ಯ ಎರಡು ಸಲ ಓದಿದಳು. ‘ಮೇಡಂ, ಕೇಳಲಿಲ್ಲ ಅನ್ನೋದೆಲ್ಲ ಯಾಕೆ? ಕಣ್ತಪ್ಪಿನಿಂದ ಆಗಿದೆ ಅಂತ ಬರೀರಿ. ಎಲ್ಲರೂ ಹಾಗೇ ಬರೆಯೋದು.’

‘ಕಣ್ಣು ತಪ್ಪಿರಲಿಲ್ಲ ಕಣಮ್ಮ. ಕನ್ನಡಕ ಹಾಕ್ಕೊಂಡು, ನೋಡ್ಕೊಂಡೇ ಒತ್ತಿದ್ದು.’

‘ಇದು ಮೇಲೆ ಹೋದ್ರೆ ನಾನು ಏನೂ ಮಾಡಕ್ಕಾಗಲ್ಲ.’

‘ನೀವು ಮಾಡ್ಬೇಕಾದ್ದು ಅದನ್ನ ಮೇಲೆ ಕಳ್ಸೋದು ಒಂದೇ.’

ಕಾವ್ಯ ಸೀಲು ಒತ್ತಿದಳು.

ಮೂರು ದಿನ ಎಂದದ್ದು ಏಳಾಯಿತು. ಅಷ್ಟರಲ್ಲಿ ಒಂದು ಮಂಗಳವಾರ ಹೊಂಬಾಳಮ್ಮ ರಜೆ ಹಾಕಿ ಸುಕಾಂತಿಯನ್ನು ಬಸ್ಸಿನಲ್ಲಿ ಕರೆದೊಯ್ದು ಮೊದಲ ಬಾಟ್ಲಿ ಹಾಕಿಸಿಕೊಂಡು ಬಂದರು. ಹೋಗುವಾಗ ಇಬ್ಬರೂ ನಿಂತಿದ್ದರು. ಬರುವಾಗ ಯಾರೋ ಒಬ್ಬರು ಎದ್ದು ಸುಕಾಂತಿಗೆ ಜಾಗ ಕೊಟ್ಟು, ‘ಮಗಳಾ?’ ಎಂದು ಕೇಳಿದರು. ‘ಅಲ್ಲ’ ಎಂದರು ಹೊಂಬಾಳಮ್ಮ. ಸುಳ್ಳು ಹೇಳಿದ್ದರೆ ಚೆನ್ನಾಗಿ ಕೇಳಿಸುತ್ತಿತ್ತು. ಆದರೆ ಆ ವಾರಕ್ಕೆ ಅವರಿಗೆ ಊಹೆ, ಸುಳ್ಳು ಎರಡೂ ಸಾಕಾಗಿದ್ದವು.

ನೋಟಿಸು ಶುಕ್ರವಾರವೇ ಬಂತು. ಈ ಒಂದು ವಿಷಯದಲ್ಲಿ ಕಚೇರಿ ತಡಮಾಡಲಿಲ್ಲ. ಹತ್ತು ವರ್ಷದ ರಿಜಿಸ್ಟರುಗಳನ್ನು ತಪಾಸಣೆಗೆ ಬಂದವರ ಮುಂದೆ ಹಾಜರುಪಡಿಸತಕ್ಕದ್ದು ಎಂದಿತ್ತು. ದೊಡ್ಡಗಂಗಮ್ಮ ಅಟ್ಟದಿಂದ ಒಂದೊಂದೇ ಇಳಿಸಿ ಧೂಳು ಕೊಡವುತ್ತ, ‘ಫಲಕಾನೂ ಕಟ್ಲಾ ಇದ್ರ ಜತ್ಗೇ, ವಾಪಸ್ ಕೊಡಕ್ಕೆ?’ ಎಂದರು. ಹೊಂಬಾಳಮ್ಮ ನಗಲಿಲ್ಲ. ‘ಕೇಳಿದ್ರೆ ಕೊಡೋಣ’ ಎಂದರು.

ಸೋಮವಾರ ಮಧ್ಯಾಹ್ನ ಫೋನನ್ನು ಸುಕಾಂತಿಯ ಮುಖಕ್ಕೆ ಹಿಡಿದಾಗ ಅದು ಹಸಿರು ಗೆರೆ ಎಳೆಯಿತು. ದೊಡ್ಡಗಂಗಮ್ಮ ಆ ಗೆರೆಗೆ ಕಾಯದೆ ಆಗಲೇ ತಟ್ಟೆಗೆ ಮೊಟ್ಟೆ ಇಟ್ಟಿದ್ದರು. ಹಸಿರು ಗೆರೆಯ ಕೆಳಗೆ ಫೋನು ಹೊಸದೊಂದು ಅಂಕಣ ತೆರೆದು ಕೇಳುತ್ತಿತ್ತು: ಹೆರಿಗೆಯ ನಂತರ ತಾಯಿ ಎಲ್ಲಿರುತ್ತಾರೆ?

ಹೊಂಬಾಳಮ್ಮ ಕನ್ನಡಕ ಸರಿಮಾಡಿಕೊಂಡರು. ‘ಸುಕಾಂತಿ, ಮಗು ಆದ್ಮೇಲೆ ಎಲ್ಲಿರ್ತೀಯಾ?’

ಬಾಯಲ್ಲಿ ಅನ್ನವಿತ್ತು. ನುಂಗಿ ಹೇಳಿದಳು. ‘ಇಲ್ಲೇ.’

ಹೊಂಬಾಳಮ್ಮ ಆಕೆ ಹೇಳಿದ್ದನ್ನೇ ಒತ್ತಿದರು.

ಮಾರನೆಯ ಬೆಳಗ್ಗೆ ವ್ಯಾನು ಬಂತು. ಡ್ರೈವರು ಪಕ್ಕದಲ್ಲಿದ್ದ ಹಾಳೆ ನೋಡಿ ಹೆಸರು ಕೂಗಿದ. ದಿನಾ ಒಳಗೆ ಹಾಜರಿ ಕೂಗಿದಾಗ ಮಕ್ಕಳು ಹೇಳುವುದನ್ನು ಕೇಳಿಸಿಕೊಂಡಿದ್ದ ಸುಕಾಂತಿ ಗೇಟಿನ ಬಳಿಯಿಂದ, ‘ಇದೀನಿ ಮಿಸ್’ ಎಂದಳು. ಡ್ರೈವರು ಮೀಸೆಯೊಳಗೆ ನಕ್ಕು, ‘ಇವ್ರ ಕಡೆಯೋರು ಯಾರಮ್ಮ? ಜತೇಲಿ ಒಬ್ರು ಬರ್ಬೇಕು’ ಎಂದ.

ದಿಬಾಕರನಿಗೆ ಪಾಳಿಯಿತ್ತು. ಹೊಂಬಾಳಮ್ಮನ ಹಿಂದೆ ಹದಿನಾಲ್ಕು ಮಕ್ಕಳಿದ್ದರು, ಹತ್ತು ಗಂಟೆಗೆ ರಿಜಿಸ್ಟರು ನೋಡಲು ಬರುವವರಿದ್ದರು.

ಅಡುಗೆಮನೆಯಿಂದ ದೊಡ್ಡಗಂಗಮ್ಮ ಬಂದರು. ಮದುವೆಗಳಿಗೆ ಉಡುವ ನೀಲಿ ಸೀರೆ ಉಟ್ಟಿದ್ದರು. ಯಾವಾಗ ಉಟ್ಟರೋ ಯಾರಿಗೂ ಗೊತ್ತಿಲ್ಲ. ಕೈಯಲ್ಲಿ ಟಿಫನ್ ಡಬ್ಬಿ. ‘ನಾನೇ ಕಣಪ್ಪ ಇವ್ಳ ಕಡೆಯೋಳು. ಹತ್ತು ಹತ್ತು, ನೋಡ್ತಾ ನಿಂತ್ಕಬ್ಯಾಡ’ ಎಂದು ಸುಕಾಂತಿಯನ್ನು ಮೊದಲು ಹತ್ತಿಸಿ, ತಾವು ಸೊಂಟ ಹಿಡಿದುಕೊಂಡು ಹತ್ತಿದರು. ಕಿಟಕಿಯಿಂದ ತಲೆ ಹೊರಹಾಕಿ, ‘ಸಾರು ಒಲೆ ಮ್ಯಾಲೈತೆ ಮಿಸ್ಸೇ, ಉಪ್ಪಾಕಿಲ್ಲ. ಮುಂದಿನ ಮಂಗ್ಳಾರ ನಿನ್ ಸರದಿ’ ಎಂದರು.

ವ್ಯಾನು ಕೆರೆ ಏರಿ ದಾಟುವವರೆಗೆ ಹೊಂಬಾಳಮ್ಮ ಗೇಟಿನಲ್ಲಿ ನಿಂತಿದ್ದರು. ಇನ್ನು ಮೂರು ಬಾಟ್ಲಿ ಉಳಿಯುತ್ತದೆ, ಹೆರಿಗೆಗೆ ಒಂದು ತಿಂಗಳು ಉಳಿಯುತ್ತದೆ. ಮುಂದೇನಾಗುತ್ತದೆ ಎಂಬುದನ್ನು ಅವರು ಎಲ್ಲಿಯೂ ಬರೆಯಲಿಲ್ಲ. ಒಳಗೆ ಹೋಗಿ ಸಾರಿಗೆ ಉಪ್ಪು ಹಾಕಿದರು.